ಮಧ್ಯರಾತ್ರಿಯ ಬೆಳ್ಳುಳ್ಳಿ ವಾಸನೆ: ಒಂದು ಕೊಲೆ ಕಾಮಿಕ್ಸ್ ಕಟ್ಟಿದ ಬಗೆ

ಅಜ್ಜಿಕತೆಯ ಹುಡುಗಿಯರೇ ಪತ್ತೇದಾರರಾಗಿರುವ ಕಾಮಿಕ್ಸ್ ಇದು. ಎ5 ಅಳತೆ, 24 ಪುಟ, ಕಪ್ಪು-ಬಿಳುಪು, ನಡುವೆ ಪಿನ್ನು. ಕತೆ, ಚಿತ್ರ, ಅಕ್ಷರ ಎಲ್ಲಾ ಮನೆಯಲ್ಲೇ. ಹೇಗೆ ಕಟ್ಟಿದೆ ಅಂತ ಇಲ್ಲಿ ಬರೆದಿದ್ದೇನೆ. ಸುಳಿವುಗಳನ್ನು ಬಿಚ್ಚಿಡುತ್ತೇನೆ, ಕೊಲೆಗಾರರ ಹೆಸರನ್ನು ಮಾತ್ರ ಹೇಳುವುದಿಲ್ಲ.

ಊರು ಕನ್ನಡನಾಡಿನದಲ್ಲ. ಜರ್ಮನಿಯ ಕಾಸೆಲ್, ಇಸವಿ 1812. ಅಜ್ಜಿಕತೆಗಳನ್ನು ಕೂಡಿಸಿದ ಗ್ರಿಮ್ ಸೋದರರ (ಯಾಕೋಬ್, ವಿಲ್ಹೆಲ್ಮ್) ಕತೆಗಳ ಮೊದಲ ಸಂಪುಟ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ. ಅದರಲ್ಲಿ 86 ಕತೆಗಳಿದ್ದವು. ಆಗ ಕಾಸೆಲ್‌ನಲ್ಲಿ ನೆಪೋಲಿಯನ್‌ನ ತಮ್ಮ ಜೆರೋಮ್ ರಾಜನಾಗಿದ್ದ. ಯಾಕೋಬ್ ಗ್ರಿಮ್ ಅವನ ಗ್ರಂಥಪಾಲಕ. ಊರಿನ ತುಂಬ ಫ್ರೆಂಚ್ ಅಧಿಕಾರಿಗಳು. ಕೊಲೆ ಕತೆಗೆ ಇಂಥ ಊರು ಚೆನ್ನಾಗಿ ಒದಗುತ್ತದೆ. ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ, ದೂರು ಕೊಡುವುದು ಯಾರ ಹತ್ತಿರ ಅನ್ನುವುದೂ ಗೊತ್ತಿಲ್ಲ.

ಹಳೆಯ ಆವೃತ್ತಿಗೇ ಹೋಗುವುದಕ್ಕೆ ಇನ್ನೊಂದು ಕಾರಣ ಇತ್ತು. ನಮಗೆಲ್ಲ ಗೊತ್ತಿರುವ ಸ್ನೋ ವೈಟ್, ಸಿಂಡ್ರೆಲ್ಲಾ ಕಾರ್ಟೂನ್ ಸಿನಿಮಾದಿಂದ ಬಂದವರು. ಕತೆ ಯಾರ ಸ್ವತ್ತೂ ಅಲ್ಲ, ಆದರೆ ಸಿನಿಮಾದವರು ಬರೆದ ಉಡುಪು, ಕೂದಲು, ಕುಳ್ಳರಿಗೆ ಇಟ್ಟ ಹೆಸರು ಅವರ ಸ್ವತ್ತು. ಹಳೆಯ ಪುಸ್ತಕದಲ್ಲಿ ಕುಳ್ಳರಿಗೆ ಹೆಸರೇ ಇಲ್ಲ. ಮುತ್ತಿನಿಂದ ಎಚ್ಚರವಾಗುವುದೂ ಇಲ್ಲ. 1812ರ ಪಾಠದಲ್ಲಿ ಶವಪೆಟ್ಟಿಗೆ ಹೊತ್ತು ಹೊತ್ತು ಬೇಸತ್ತ ಆಳೊಬ್ಬ ಸಿಟ್ಟಿನಲ್ಲಿ ಸ್ನೋ ವೈಟ್ ಬೆನ್ನಿಗೆ ಗುದ್ದುತ್ತಾನೆ. ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಬೀಳುತ್ತದೆ, ಅಷ್ಟೇ. ಅವಳನ್ನು ಕೊಲ್ಲಲು ನೋಡಿದವಳು ಹೆತ್ತ ತಾಯಿ. ಆಕೆ ಮಲತಾಯಿಯಾದದ್ದು 1819ರ ಆವೃತ್ತಿಯಲ್ಲಿ. ಸಿಂಡ್ರೆಲ್ಲಾ ಚಪ್ಪಲಿ ಗಾಜಿನದೂ ಅಲ್ಲ. ಅದು 1697ರಲ್ಲಿ ಪೆರೋ ಎಂಬಾತ ಬರೆದ ಫ್ರೆಂಚ್ ಕತೆಯದು. ಗ್ರಿಮ್‌ನಲ್ಲಿ ಅದು ಚಿನ್ನದ್ದು, ಅಕ್ಕಂದಿರು ಅದರೊಳಗೆ ಕಾಲು ತೂರಿಸಲು ಬೆರಳು, ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ರಕ್ತ ಕಂಡೇ ಮೋಸ ಬಯಲಾಗುವುದು. ಅಂದರೆ ಸಾಕ್ಷ್ಯ ಹುಡುಕುವ ಕೆಲಸ ಈ ಕತೆಗಳಲ್ಲಿ ಮೊದಲಿನಿಂದಲೂ ಇದೆ. ನಾನು ತುರುಕಬೇಕಾಗಿರಲಿಲ್ಲ.

ಪಾತ್ರಗಳು

ಒಂದು ನಿಯಮ ಇಟ್ಟುಕೊಂಡೆ: ಮಾಯೆ ಇಲ್ಲ. ಕತೆಯಲ್ಲಿ ಹುಡುಗಿ ಅನುಭವಿಸಿದ ಕಷ್ಟವೇ ಅವಳ ಪತ್ತೇದಾರಿ ಕಸುಬು ಆಗಬೇಕು.

ಸ್ನೋ ವೈಟ್‌ಗೆ ಬಿಗಿದ ದಾರ, ವಿಷದ ಬಾಚಣಿಗೆ, ವಿಷದ ಸೇಬು, ಹೀಗೆ ಮೂರು ಬಾರಿ ಕೊಲೆ ಯತ್ನ ನಡೆದಿದೆ. ಅವಳಿಗೆ ವಿಷದ ಬಗ್ಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಅವಳನ್ನು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಇಟ್ಟೆ. ಕಾಸೆಲ್‌ನಲ್ಲಿ ಗ್ರಿಮ್ ಮನೆಯ ಎದುರಿಗೇ ವಿಲ್ಡ್ ಕುಟುಂಬದ 'ಸೂರ್ಯ' ಔಷಧಿ ಅಂಗಡಿ ಇತ್ತು. ಆ ಮನೆಯ ಹೆಣ್ಣುಮಕ್ಕಳು ಗ್ರಿಮ್ ಸೋದರರಿಗೆ ಕತೆ ಹೇಳಿದವರು. ಅವರಲ್ಲೊಬ್ಬಳಾದ ಡೋರ್ಟ್‌ಚೆನ್‌ಳನ್ನು ವಿಲ್ಹೆಲ್ಮ್ 1825ರಲ್ಲಿ ಮದುವೆಯಾದ. ನನ್ನ ಕಾಮಿಕ್ಸ್‌ನಲ್ಲಿ ಆ ಕುಟುಂಬ ಬರುವುದಿಲ್ಲ, ಬೋರ್ಡಿನ ಮೇಲಿನ ಸೂರ್ಯ ಮಾತ್ರ ಬರುತ್ತಾನೆ.

ಸ್ಲೀಪಿಂಗ್ ಬ್ಯೂಟಿ ನೂರು ವರ್ಷ ಮಲಗಿ ಎದ್ದವಳು. ಇನ್ನು ಅವಳಿಗೆ ನಿದ್ದೆ ಬರುವುದುಂಟೇ? ರಾತ್ರಿಯೆಲ್ಲ ಕಿಟಕಿ ಬಳಿ ಕೂತಿರುತ್ತಾಳೆ. ರಾತ್ರಿ ಸಾಕ್ಷಿ ಅವಳೇ. ರೆಡ್ ರೈಡಿಂಗ್ ಹುಡ್ ಪ್ರಶ್ನೆ ಕೇಳುವವಳು. 'ಅಜ್ಜಿ, ನಿನ್ನ ಕಿವಿ ಯಾಕೆ ಇಷ್ಟು ದೊಡ್ಡದು' ಅಂತ ಒಂದೊಂದೇ ಅಂಗ ಹಿಡಿದು ಕೇಳಿದ್ದು ಅವಳೇ ತಾನೆ? ವಿಚಾರಣೆಯೆಲ್ಲ ಅವಳದು. ಎದುರಿಗಿರುವವರ ಕಿವಿ, ಕಣ್ಣು, ಕೈ ನೋಡಿಯೇ ಪ್ರಶ್ನೆ ಶುರು ಮಾಡುತ್ತಾಳೆ. ಸಿಂಡ್ರೆಲ್ಲಾಗೆ ಬೂದಿ ಓದಲು ಬರುತ್ತದೆ. ಒಲೆ ನೋಡಿ ಯಾವಾಗ ಉರಿಯಿತು, ಏನು ಉರಿಯಿತು, ಯಾರು ಕೆದಕಿದರು ಅಂತ ಹೇಳುತ್ತಾಳೆ. ಈ ಕತೆಯಲ್ಲಿ ಮುಖ್ಯ ಪತ್ತೇದಾರಿ ಅವಳೇ. ರಪುಂಜೆಲ್‌ಳನ್ನು ಬಿಟ್ಟೆ. ಗೋಪುರದಿಂದ ಊರೆಲ್ಲ ಕಾಣುತ್ತದೆ ಅಂದರೆ ರಹಸ್ಯವೇ ಉಳಿಯಲ್ಲ.

ಸತ್ತವನು

ಕನ್ನಡಿ ಮಾಡುವವನು. ಲೋರ್ ಆಮ್ ಮೈನ್ ಎಂಬ ಊರಲ್ಲಿ 1698ರಲ್ಲಿ ಶುರುವಾದ ದೊಡ್ಡ ಕನ್ನಡಿ ಕಾರ್ಖಾನೆ 1806ರಲ್ಲಿ ಮುಚ್ಚಿತು. ಸ್ನೋ ವೈಟ್ ನಮ್ಮೂರವಳೇ ಅಂತ ಆ ಊರಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಕೆಲಸ ಹೋದ ಕಸುಬುದಾರನೊಬ್ಬ ಕಾಸೆಲ್‌ಗೆ ಬಂದು ಅಂಗಡಿ ಇಟ್ಟ ಅಂದುಕೊಂಡೆ. ಅವನು ಯಾವ ಮನೆಗೆ ಕನ್ನಡಿ ಹಾಕಲು ಹೋದರೂ ಅಲ್ಲಿನ ಗುಟ್ಟು ಅವನ ಕಿವಿಗೆ ಬೀಳುತ್ತದೆ. ಮಾತಾಡುವ ಕನ್ನಡಿಗೆ ನಾನು ಕೊಟ್ಟ ಅರ್ಥ ಅದು. ಕೊಲೆಗೆ ಕಾರಣವೂ ಅಲ್ಲೇ ಇದೆ.

ಕನ್ನಡಿಯವನನ್ನು ಆರಿಸಿದ್ದು ಇನ್ನೊಂದು ಲಾಭಕ್ಕೆ. ಆಗಿನ ಕನ್ನಡಿಗೆ ಬೆಳ್ಳಿ ಲೇಪನ ಇರಲಿಲ್ಲ. ಆ ವಿಧಾನಕ್ಕೆ ಬುನಾದಿಯಾದ, ರಸಾಯನ ವಿಜ್ಞಾನಿ ಲೀಬಿಗ್‌ನ ಪ್ರಯೋಗ 1835ರದು. ಅದಕ್ಕೆ ಮುಂಚೆ ತವರದ ತೆಳು ಹಾಳೆಯನ್ನು ಕಲ್ಲಿನ ಮೇಜಿನ ಮೇಲೆ ಹಾಸಿ, ಮೇಲೆ ಪಾದರಸ ಸುರಿದು, ಗಾಜನ್ನು ಜಾರಿಸಿ ಕೂರಿಸುತ್ತಿದ್ದರು. ಅದರ ಮೇಲೆ ತೂಕ ಹೇರಿ, ಮೇಜನ್ನು ಓರೆ ಮಾಡಿ, ಹೆಚ್ಚಾದ ಪಾದರಸ ವಾರಗಟ್ಟಲೆ ಬಸಿಯಲು ಬಿಡುತ್ತಿದ್ದರು. ಆ ಹೊಗೆ ಕುಡಿದು ಕಸುಬುದಾರರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು. ಹಾಗಾಗಿ ಇವನು ಸತ್ತಾಗ ಇಡೀ ಬೀದಿ ಒಂದೇ ಮಾತು ಹೇಳುತ್ತದೆ: ಪಾದರಸ ತಿಂತು. ಕೊಲೆಗಾರರಿಗೆ ಬೇಕಾಗಿದ್ದೂ ಇದೇ. ನಾಲ್ಕನೇ ಪುಟದಲ್ಲಿ ಸ್ನೋ ವೈಟ್ ಒಂದೇ ಸಾಲಿನಲ್ಲಿ ಅದನ್ನು ಒಡೆಯುತ್ತಾಳೆ: 'ಪಾದರಸಕ್ಕೆ ವರ್ಷಗಳು ಬೇಕು. ಇವನು ಒಂದೇ ರಾತ್ರಿಯಲ್ಲಿ ಸತ್ತಿದ್ದಾನೆ.'

ನಿಜವಾದ ವಿಷ ಇಲಿಪಾಷಾಣ, ಅಂದರೆ ಬಿಳಿ ಆರ್ಸೆನಿಕ್. ಬಣ್ಣ ಇಲ್ಲ, ರುಚಿ ಇಲ್ಲ ಅನ್ನಬಹುದಾದಷ್ಟು ಕಡಿಮೆ. ಹೊಟ್ಟೆಯೊಳಗಿನ ಆರ್ಸೆನಿಕ್ಕನ್ನು ಗಟ್ಟಿಯಾಗಿ ತೋರಿಸಬಲ್ಲ ಮಾರ್ಷ್ ಪರೀಕ್ಷೆ ಬಂದದ್ದು 1836ರಲ್ಲಿ. ನನ್ನ ಹುಡುಗಿಯರು ಅದಕ್ಕೆ ಕಾಯುವ ಹಾಗಿಲ್ಲ. ಆದರೆ ಅದಕ್ಕೂ ಹಳೆಯ ಉಪಾಯ ಒಂದಿತ್ತು. ಆ ಪುಡಿ ಕೆಂಡದ ಮೇಲೆ ಬಿದ್ದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ. 1752ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಮೇರಿ ಬ್ಲಾಂಡಿ ಎಂಬಾಕೆ ತಂದೆಗೆ ವಿಷ ಹಾಕಿದಳೆಂದು ವಿಚಾರಣೆ ನಡೆದಾಗ ವೈದ್ಯರು ಈ ವಾಸನೆಯನ್ನೂ ಸಾಕ್ಷ್ಯವಾಗಿ ಹೇಳಿದ್ದರು. ಕೆಂಡ, ಬೂದಿ, ವಾಸನೆ. ಸಿಂಡ್ರೆಲ್ಲಾಗೆ ಇದಕ್ಕಿಂತ ಒಳ್ಳೆಯ ಕೇಸು ಸಿಗುತ್ತಾ?

ವಾಸನೆಯನ್ನು ಬರೆಯುವುದು ಹೇಗೆ

ಇಡೀ ಕೆಲಸದಲ್ಲಿ ತಲೆ ತಿಂದದ್ದು ಇದು. ಕಾದಂಬರಿಯಲ್ಲಾದರೆ 'ಬೆಳ್ಳುಳ್ಳಿ ವಾಸನೆ ಬಂತು' ಅಂತ ಒಂದು ಸಾಲು ಬರೆದು ಹತ್ತು ಸಾಲುಗಳ ನಡುವೆ ಮುಚ್ಚಿಟ್ಟರೆ ಆಯಿತು. ಕಾಮಿಕ್ಸ್‌ನಲ್ಲಿ ಒಂದು ಪುಟಕ್ಕೆ ಐದಾರು ಮಾತು. ಬರೆದದ್ದೆಲ್ಲ ಕಣ್ಣಿಗೆ ಹೊಡೆಯುತ್ತದೆ. ಅಲೆಅಲೆಯಾಗಿ ಹೊಗೆ ಬರೆದು ಮೂಗು ಅರಳಿಸಿದರೆ ಓದುಗನಿಗೆ 'ಇಲ್ಲಿ ಸುಳಿವಿದೆ' ಅಂತ ಕೂಗಿ ಹೇಳಿದ ಹಾಗೆ. ಏನೂ ಹೇಳದಿದ್ದರೆ ಮೋಸ. ಒಳ್ಳೆಯ ಪತ್ತೇದಾರಿ ಕತೆಯಲ್ಲಿ ಓದುಗನಿಗೆ ಎಲ್ಲಾ ಕಂಡಿರಬೇಕು, ಕಂಡರೂ ದಾಟಿ ಹೋಗಿರಬೇಕು.

ಉತ್ತರ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲೇ. ಕನ್ನಡದ ಓದುಗನಿಗೆ ಬೆಳ್ಳುಳ್ಳಿ ಹುರಿದ ವಾಸನೆ ಅನ್ನುವುದು ಗಮನಿಸುವ ವಿಷಯವೇ ಅಲ್ಲ. ಸಾರಿಗೆ ಒಗ್ಗರಣೆ ಬಿದ್ದಿರುತ್ತದೆ, ಅಷ್ಟೇ ಅಲ್ವಾ? 1812ರ ಕಾಸೆಲ್‌ನಲ್ಲಿ ಮಧ್ಯರಾತ್ರಿ ಆ ವಾಸನೆ ಬಂದರೆ ವಿಚಿತ್ರ. ಈ ಅಂತರದಲ್ಲೇ ಸುಳಿವನ್ನು ಬಚ್ಚಿಟ್ಟೆ.

ಹನ್ನೊಂದನೇ ಪುಟದಲ್ಲಿ ಸ್ಲೀಪಿಂಗ್ ಬ್ಯೂಟಿ ಆ ರಾತ್ರಿ ಕಂಡದ್ದನ್ನೆಲ್ಲ ಹೇಳುತ್ತಾಳೆ. ಕಾವಲುಗಾರನ ಲಾಟೀನು, ಬೆಕ್ಕಿನ ಜಗಳ, ಫ್ರೆಂಚ್ ಸಿಪಾಯಿಯ ಹಾಡು, ಯಾರೋ ಬೆಳ್ಳುಳ್ಳಿ ಹುರಿದ ವಾಸನೆ, ಬಾಗಿಲು ಬಡಿದ ಸದ್ದು. ಚಿತ್ರದಲ್ಲಿ ತೋರಿಸಿದ್ದು ಸಿಪಾಯಿಯನ್ನು ಮಾತ್ರ. ಕಣ್ಣು ಅವನ ಕಡೆ ಹೋಗುತ್ತದೆ. ವಾಸನೆ ಪಟ್ಟಿಯ ನಾಲ್ಕನೆಯದು, ಬಾಗಿಲಿನ ಸದ್ದಿಗಿಂತ ಮುಂಚೆ. ಪಟ್ಟಿಯ ಕೊನೆಗೆ ಇಟ್ಟರೆ ಅದೇ ನೆನಪಿರುತ್ತದೆ.

ಹಾಗಂತ ಮೋಸ ಮಾಡಿಲ್ಲ. ಐದನೇ ಪುಟದಲ್ಲಿ ಸತ್ತವನ ಅಡುಗೆಮನೆಯ ದೊಡ್ಡ ಚಿತ್ರ ಇದೆ. ಈರುಳ್ಳಿ ಜಡೆ, ಒಣಗಿಸಿದ ಸೇಬು, ಹೊಗೆಗೆ ತೂಗುಹಾಕಿದ ಸಾಸೇಜು, ಎಲೆಕೋಸಿನ ಪೀಪಾಯಿ ಎಲ್ಲಾ ಇದೆ. ಬೆಳ್ಳುಳ್ಳಿ ಇಲ್ಲ. ಎಂಟನೇ ಪುಟದಲ್ಲಿ ಅಡುಗೆಯವಳು ಫ್ರೆಂಚರನ್ನು ಬೈಯುತ್ತಾ, 'ಅವರಿಗೆ ಎಲ್ಲದಕ್ಕೂ ಬೆಳ್ಳುಳ್ಳಿ ಬೇಕು, ನಮ್ಮ ಯಜಮಾನರು ಅದನ್ನು ಹೊಸಿಲು ದಾಟಿಸುತ್ತಿರಲಿಲ್ಲ' ಅನ್ನುತ್ತಾಳೆ. ಅದು ಜೋಕಿನ ಜಾಗ. ಜೋಕು ಅಂತ ನಗುತ್ತಾ ಮುಂದೆ ಹೋಗುತ್ತೀರಿ.

ಕರಡನ್ನು ಪರಿಚಯದವರಿಗೆ ಓದಲು ಕೊಟ್ಟೆ. ಬಹುತೇಕ ಎಲ್ಲರೂ ಸಿಪಾಯಿಯ ಹಿಂದೆ ಬಿದ್ದರು. ಬೆಳ್ಳುಳ್ಳಿಯನ್ನು ಅಲ್ಲೇ ಹಿಡಿದವರು ಒಬ್ಬರು. ಅವರ ಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಳಸುವುದಿಲ್ಲ! ಆ ಪದ ಕಂಡ ಕೂಡಲೇ ನಿಂತುಬಿಟ್ಟರಂತೆ. ಇದಕ್ಕೆ ನಾನು ಏನೂ ಮಾಡಲಾರೆ, ಮಾಡಲೂ ಬಾರದು. ಸುಳಿವು ಅಡಗಿರುವುದು ನನ್ನ ಪುಟದಲ್ಲಿ ಅಲ್ಲ, ಓದುವವರ ಅಭ್ಯಾಸದಲ್ಲಿ. ಇದೇ ಕತೆಯನ್ನು ಜರ್ಮನ್ ಓದುಗರಿಗೆ ಬರೆದಿದ್ದರೆ ಬೆಳ್ಳುಳ್ಳಿಯನ್ನು ಮುಚ್ಚಲು ಬೇರೆಯೇ ದಾರಿ ಹುಡುಕಬೇಕಿತ್ತು.

ಪುಟ ತಿರುಗಿಸುವ ಜಾಗ

ಕತೆಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿದೆ. ಮೊದಲು ಕೊಲೆಗಾರರು ಆ ರಾತ್ರಿ ಮಾಡಿದ್ದನ್ನು ಗಂಟೆ ಹಾಕಿ ಬರೆದೆ. ಆಮೇಲೆ ಪ್ರತಿ ಕೆಲಸ ಎಲ್ಲಿ ಗುರುತು ಬಿಟ್ಟಿತು ಅಂತ. ಉಳಿದ ಪುಡಿಯನ್ನು ಕಾಗದದ ಸಮೇತ ಒಲೆಗೆ ಎಸೆದದ್ದು ವಾಸನೆಯಾಯಿತು. ಎಸೆಯುವಾಗ ಕಿಡಿ ತಾಗಿ ಬಟ್ಟೆಯ ಎಡ ತೋಳಿನಲ್ಲಿ ತೂತಾಯಿತು. ಅವಸರದಲ್ಲಿ ಮೇಜಿಗೆ ಡಿಕ್ಕಿ ಹೊಡೆದು ಕನ್ನಡಿಯ ಮೇಲಿನ ತೂಕ ಜರುಗಿತು. ಒಂದೊಂದು ಗುರುತಿಗೂ ಒಂದು ಚೀಟಿ. ಚೀಟಿಗಳನ್ನು ಬಾಗಿಲಿಗೆ ಅಂಟಿಸಿ ಪುಟಕ್ಕೆ ಹಂಚಿದೆ.

ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಗಡೆ, ಸಮ ಸಂಖ್ಯೆ ಎಡಗಡೆ. ಎದುರುಬದುರಿನ ಎರಡು ಪುಟಗಳನ್ನು ಕಣ್ಣು ಒಟ್ಟಿಗೇ ನೋಡಿಬಿಡುತ್ತದೆ. ಹಾಗಾಗಿ ಆಶ್ಚರ್ಯ ಇರಬೇಕಾದದ್ದು ಹಾಳೆ ತಿರುಗಿಸಿದ ಮೇಲೆ ಸಿಗುವ ಎಡ ಪುಟದಲ್ಲಿ. ಹೆಣ ಕಾಣುವುದು ನಾಲ್ಕರಲ್ಲಿ. ಹದಿನೇಳರ ಕೊನೆಯ ಚೌಕದಲ್ಲಿ ಸಿಂಡ್ರೆಲ್ಲಾ ಬಟ್ಟಲಿನ ತಳ ಕೆರೆದು ಚಮಚವನ್ನು ಕೆಂಡದ ಮೇಲೆ ಹಿಡಿಯುತ್ತಾಳೆ. ಹದಿನೆಂಟು ಪೂರ್ತಿ ಒಂದೇ ಚಿತ್ರ: ನಾಲ್ಕು ಹುಡುಗಿಯರ ಮುಖ, ಮಾತಿಲ್ಲ. ವಾಸನೆಯನ್ನು ಅಲ್ಲೂ ಬರೆದಿಲ್ಲ. ಅಡುಗೆಯವಳು ಹಿಂದೆ ನಿಂತು ಸೆರಗಿನಂಥ ಏಪ್ರನ್ನಿನಿಂದ ಮೂಗು ಮುಚ್ಚಿಕೊಂಡಿದ್ದಾಳೆ, ಅಷ್ಟೇ. ಎಂಟನೇ ಪುಟದ ಜೋಕು ಆಗ ನೆನಪಾಗಬೇಕು.

ಕೊಲೆಗಾರರನ್ನು ಬಯಲು ಮಾಡುವ ರೀತಿಯನ್ನು ಗ್ರಿಮ್‌ನ 'ಕಳ್ಳ ಮದುಮಗ' ಕತೆಯಿಂದಲೇ ತೆಗೆದುಕೊಂಡೆ. ಅದರಲ್ಲಿ ಮದುವೆ ಮನೆಯಲ್ಲಿ ಹುಡುಗಿ ತಾನು ಕಂಡ ಕೊಲೆಯನ್ನು ಕನಸು ಅಂತ ಹೇಳುತ್ತಾ ಹೋಗುತ್ತಾಳೆ. ನಡುನಡುವೆ 'ಇದು ಬರೀ ಕನಸು' ಅನ್ನುತ್ತಾಳೆ. ಕೊನೆಗೆ ಕತ್ತರಿಸಿದ ಬೆರಳನ್ನು ಉಂಗುರದ ಸಮೇತ ಮುಂದಿಡುತ್ತಾಳೆ. ಎರಡು ಶತಮಾನದ ಹಿಂದಿನ ಅಜ್ಜಿಕತೆಯಲ್ಲಿ ಇಷ್ಟು ಚೆನ್ನಾದ ವಿಚಾರಣೆ ಇದೆ. ಇಂದಿನ ಎಷ್ಟೋ ಪತ್ತೇದಾರಿ ಸೀರಿಯಲ್‌ಗಳಲ್ಲಿ ಇಲ್ಲ. ನನ್ನಲ್ಲಿ ಕನಸು ಹೇಳುವವಳು ಸ್ಲೀಪಿಂಗ್ ಬ್ಯೂಟಿ. ನಿದ್ದೆಯೇ ಬಾರದವಳಿಗೆ ಕನಸು ಎಲ್ಲಿಂದ ಬಂತು ಅಂತ ಒಬ್ಬರು ಮಾತ್ರ ಗಾಬರಿಯಾಗುತ್ತಾರೆ.

ಕನ್ನಡಿ ಚೌಕಗಳು

ಹದಿಮೂರನೇ ಪುಟದಲ್ಲಿ ಒಂದು ಕೋಣೆ ಇದೆ. ನೀವು ನೇರ ನೋಡುತ್ತಿದ್ದೀರಿ ಅನ್ನಿಸುತ್ತದೆ, ನಿಜಕ್ಕೂ ಅದು ಕನ್ನಡಿಯೊಳಗಿನ ಬಿಂಬ. ಅಲ್ಲಿ ತೋಳಿನ ತೂತು ಬಲಗಡೆ ಕಾಣುತ್ತದೆ. ಚೌಕದ ಅಂಚಿಗೇ ಕನ್ನಡಿಯ ಚೌಕಟ್ಟಿನ ಕೆತ್ತನೆಯನ್ನು ಸೇರಿಸಿಬಿಟ್ಟೆ. ಅಲಂಕಾರ ಅಂತ ಕಣ್ಣು ಬಿಟ್ಟುಬಿಡುತ್ತದೆ. ಕನ್ನಡಿಯಲ್ಲಿ ಗಡಿಯಾರ ತಿರುಗಿ 3:40 ಇದ್ದದ್ದು 8:20 ಕಾಣುವ ಉಪಾಯವೂ ಇತ್ತು, ಆದರೆ ಅದು ಎಲ್ಲರಿಗೂ ಗೊತ್ತಿರುವ ಹಳೇ ಆಟ. ಬೇಡ ಅನ್ನಿಸಿತು.

ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕೋಣೆಯನ್ನು ಮೊದಲು ನೇರವಾಗಿ ಬರೆದು, ಪದರಗಳನ್ನೆಲ್ಲ ಒಟ್ಟಿಗೆ ಅಡ್ಡಕ್ಕೆ ತಿರುಗಿಸಿದೆ. ತಿರುಗಿಸಿದ ಮೇಲೆ ನೆರಳಿನ ದಿಕ್ಕು, ಗೆರೆ ಹೊಡೆದ ಓರೆ ಎಲ್ಲಾ ಉಲ್ಟಾ ಆಗುತ್ತದೆ. ಬಲಗೈಯವರು ಹೊಡೆದ ಗೆರೆ ಎಡಗೈಯವರದರಂತೆ ಕಾಣುತ್ತದೆ. ಅದನ್ನು ಹಾಗೇ ಬಿಟ್ಟೆ, ಸೂಕ್ಷ್ಮವಾಗಿ ನೋಡುವವರಿಗೆ ಅದೂ ಒಂದು ಸುಳಿವು. ಅಂಗಡಿ ಬೋರ್ಡುಗಳಲ್ಲಿ ಅಕ್ಷರವೇ ಇಲ್ಲ. ಬೂಟು, ಪ್ರೆಟ್ಸೆಲ್, ಒರಳು, ಸೂರ್ಯ, ಇಂಥ ಚಿತ್ರಗಳೇ. ಆ ಕಾಲದ ಊರಿಗೂ ಅದು ಸರಿ, ಕನ್ನಡ ಕಾಮಿಕ್ಸ್‌ನಲ್ಲಿ ಜರ್ಮನ್ ಬೋರ್ಡು ಬರೆಯುವ ತಲೆನೋವೂ ತಪ್ಪಿತು.

ಊರಿನ ಚಿತ್ರಕ್ಕೆ ಈಗಿನ ಕಾಸೆಲ್ ಫೋಟೋಗಳು ಉಪಯೋಗವಿಲ್ಲ. ಹಳೇ ಊರು 1943ರ ಅಕ್ಟೋಬರ್ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಹತ್ತಿರದ ಮೆಲ್ಸುಂಗೆನ್, ಫ್ರಿಟ್ಸ್‌ಲಾರ್ ಊರುಗಳಲ್ಲಿ ಮರದ ಚೌಕಟ್ಟಿನ ಮನೆಗಳು ಉಳಿದಿವೆ. ಅವುಗಳ ಫೋಟೋ ಮತ್ತು ಗ್ರಿಮ್ ಸೋದರರ ತಮ್ಮ, ಚಿತ್ರಕಾರ ಲೂಡ್ವಿಗ್ ಎಮಿಲ್ ಗ್ರಿಮ್‌ನ ಎಚಿಂಗ್‌ಗಳು (ಲೋಹದ ತಗಡಿನಲ್ಲಿ ಗೆರೆ ಕೊರೆದು ಅಚ್ಚೊತ್ತಿದ ಚಿತ್ರಗಳು) ಸಾಕಾದವು. ಗ್ರಿಮ್ ಸೋದರರಿಗೆ ಕತೆ ಹೇಳಿದ ಡೊರೊಥಿಯಾ ಫೀಮಾನ್‌ಳ ಚಿತ್ರ ಬರೆದವನು ಅವನೇ. ಆ ಮುಖದ ಸುಕ್ಕು, ತಲೆಯ ಬಟ್ಟೆ ಕಟ್ಟಿದ ರೀತಿ ನೋಡಿಯೇ ಅಡುಗೆಯವಳನ್ನು ಬರೆದೆ. ರೆಡ್ ರೈಡಿಂಗ್ ಹುಡ್‌ಗೆ ಉದ್ದ ಮುಸುಕು ಇಲ್ಲ. ಕಾಸೆಲ್ ಇರುವ ಹೆಸ್ಸೆ ಸೀಮೆಯ ಶ್ವಾಲ್ಮ್ ಕಡೆಯ ಮದುವೆಯಾಗದ ಹುಡುಗಿಯರು ಜುಟ್ಟಿನ ಮೇಲೆ ಹಾಕುತ್ತಿದ್ದ ಪುಟ್ಟ ಕೆಂಪು ಟೋಪಿ ಹಾಕಿದೆ. ಕಪ್ಪು-ಬಿಳುಪಿನಲ್ಲಿ ಕೆಂಪು ತೋರಿಸಲು ಒತ್ತೊತ್ತಾದ ಚುಕ್ಕಿ. ಇಡೀ ಪುಸ್ತಕದಲ್ಲಿ ಆ ಚುಕ್ಕಿ ಅವಳ ಟೋಪಿಗೆ ಮಾತ್ರ.

ಅಕ್ಷರ

ಇಂಗ್ಲಿಷ್ ಕಾಮಿಕ್ಸ್ ನೋಡಿ ಮಾತಿನ ಗುಳ್ಳೆಯ ಅಳತೆ ಇಟ್ಟುಕೊಂಡರೆ ಕನ್ನಡ ಹಿಡಿಸುವುದಿಲ್ಲ. ನಮ್ಮ ಪದ ಉದ್ದ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. 8.5 ಪಾಯಿಂಟ್ ಅಕ್ಷರಕ್ಕೆ 13 ಪಾಯಿಂಟ್ ಸಾಲಿನ ಅಂತರ ಕೊಟ್ಟೆ. ಅದಕ್ಕಿಂತ ಕಡಿಮೆಯಾದರೆ ಮೇಲಿನ ಸಾಲಿನ 'ಷ್ಟ್ರ' ಕೆಳಗಿನ ಸಾಲಿನ 'ಕೀ' ತಲೆಗೆ ಬಡಿಯುತ್ತದೆ. ಗುಳ್ಳೆ ಉದ್ದುದ್ದ ಇರುವ ಬದಲು ಅಗಲವಾಗಬೇಕು. ಅದಕ್ಕೇ ಪ್ರತಿ ಚೌಕದ ಮೇಲಿನ ಮೂರನೇ ಒಂದು ಭಾಗವನ್ನು ಕರಡಿನಲ್ಲೇ ಖಾಲಿ ಬಿಟ್ಟೆ. ಮೊದಲು ಅಕ್ಷರ ಇಟ್ಟು ಆಮೇಲೆ ಚಿತ್ರ.

ಮಾತಿಗೆ ಬಲೂ ತಮ್ಮಾ ಫಾಂಟ್, ನಿರೂಪಣೆಗೆ ನೋಟೋ ಸೆರಿಫ್. ಎರಡೂ ಮುಕ್ತ ಲೈಸೆನ್ಸಿನವು. ಒತ್ತಿ ಹೇಳಬೇಕಾದ ಪದವನ್ನು ಓರೆ ಮಾಡಿದರೆ ಕನ್ನಡದಲ್ಲಿ ಬಿದ್ದುಹೋಗುವಂತೆ ಕಾಣುತ್ತದೆ. ದಪ್ಪ ಮಾಡಿದರೆ ಸಾಕು. 'ಧಡ್', 'ಕಿರ್ರ್' ಇವನ್ನೆಲ್ಲ ಕೈಯಲ್ಲೇ ಬರೆದೆ. ಅಕ್ಷರ ಜೋಡಿಸಿದ್ದು ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ. ಅಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಮುಗಿದ ಮೇಲೆ ಎಲ್ಲವನ್ನೂ ಗೆರೆಗಳಾಗಿ ಬದಲಾಯಿಸಿದೆ. ಪ್ರಿಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದೆ ಅಕ್ಷರ ಚೆಲ್ಲಾಪಿಲ್ಲಿ ಆಗುವ ಭಯ ಇರಲ್ಲ. ಬದಲಾಯಿಸುವ ಮುಂಚೆ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ, ಆಮೇಲೆ ಒಂದು ದೀರ್ಘ ತಿದ್ದಲೂ ಆಗುವುದಿಲ್ಲ.

ಅಚ್ಚು

ಇದು ಬೇಗ ಮುಗಿಯಿತು. ಪ್ರತಿ ಪುಟ 148×210 ಮಿಲಿಮೀಟರ್, ಸುತ್ತ ಕತ್ತರಿಸಲು 3 ಮಿಲಿಮೀಟರ್ ಜಾಸ್ತಿ. 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಅದು 3638×5102 ಪಿಕ್ಸೆಲ್. ಬರೀ ಗೆರೆಯ ಚಿತ್ರಕ್ಕೆ 300 ಸಾಲದು, ಅಂಚು ಮೆಟ್ಟಿಲುಮೆಟ್ಟಿಲಾಗುತ್ತದೆ. ಅಂಚಿನವರೆಗೂ ಚಿತ್ರ ಇರುವುದರಿಂದ ಎ4 ಸಾಲದು, ಎ3 ಹಾಳೆಯಲ್ಲಿ ಅಚ್ಚು ಹಾಕಿಸಿ ಕತ್ತರಿಸಿದರು. 24 ಪುಟ ಅಂದರೆ ಮಡಚಿದ ಆರು ಹಾಳೆ. ಹಾಳೆಯ ಒಂದು ಮುಖದ ಎರಡು ಪುಟಗಳನ್ನು ಕೂಡಿದರೆ ಯಾವಾಗಲೂ 25 ಬರಬೇಕು: 24ರ ಪಕ್ಕ 1, 2ರ ಪಕ್ಕ 23. ಲೆಕ್ಕ ತಪ್ಪಿದೆಯಾ ಅಂತ ನೋಡಲು ಇದೇ ಸುಲಭ ದಾರಿ. ರಾತ್ರಿಯ ಪುಟಗಳಲ್ಲಿ ಪೂರ್ತಿ ಕಪ್ಪು ತುಂಬಿದ ಕಡೆ ಡಿಜಿಟಲ್ ಅಚ್ಚಿನಲ್ಲಿ ಪಟ್ಟೆ ಬಂತು. ಆಕಾಶಕ್ಕೆ ಅಡ್ಡಗೆರೆಗಳ ನೆರಳು ಹಾಕಿದ ಮೇಲೆ ಪಟ್ಟೆ ಅದರಲ್ಲೇ ಕರಗಿತು. ಉದ್ದ ಕೈಯ ಸ್ಟೇಪ್ಲರ್ ಇದ್ದರೆ ಪಿನ್ನನ್ನು ಮನೆಯಲ್ಲೇ ಹೊಡೆಯಬಹುದು.

ಮುಂದಿನ ಸಂಚಿಕೆಗೆ 'ಬಾತು ಕಾಯುವ ಹುಡುಗಿ'ಯನ್ನು ಹಿಡಿದಿದ್ದೇನೆ. ದಾಸಿಯೊಬ್ಬಳು ರಾಜಕುಮಾರಿಯ ಜಾಗದಲ್ಲಿ ಕೂತುಬಿಡುವ ಕತೆ ಅದು. ಆಳು ಬದಲಾದ ಕೇಸು, ಒಳ್ಳೆಯ ಸಾಮಗ್ರಿ. ತೊಂದರೆ ಏನೆಂದರೆ ಅದರಲ್ಲಿ ಮುಖ್ಯ ಸಾಕ್ಷಿ ಕತ್ತರಿಸಿ ಊರಬಾಗಿಲಿಗೆ ಮೊಳೆ ಹೊಡೆದ ಕುದುರೆಯ ತಲೆ. ಅದು ಮಾತಾಡುತ್ತದೆ. ಮಾಯೆ ಇಲ್ಲ ಅಂತ ನಿಯಮ ಮಾಡಿಕೊಂಡು ಕೂತಿರುವ ನಾನು ಫಲಾಡಾ ಕುದುರೆಯ ಬಾಯಿಂದ ಏನು ಹೇಳಿಸಲಿ? ಸದ್ಯಕ್ಕೆ ಹಲ್ಲುಗಳ ಕಡೆ ನೋಡುತ್ತಿದ್ದೇನೆ. ಕುದುರೆಯ ವಯಸ್ಸು ಹಲ್ಲಿನಲ್ಲಿ ತಿಳಿಯುತ್ತದೆ. ದಾಸಿ ಹೇಳಿದ ಕುದುರೆಯ ವಯಸ್ಸಿಗೂ ಆ ಹಲ್ಲಿಗೂ ತಾಳೆಯಾಗದಿದ್ದರೆ ಅಷ್ಟು ಮಾತು ಸಾಕಲ್ವಾ?